ಎಷ್ಟು ಮಂದಿ ಸಾಕು? ಎರಡು ಪ್ರಮಾಣಗಳನ್ನು ಹೋಲಿಸುವ ಲೆಕ್ಕದ ಚರಿತ್ರೆ

ಒಂದು ಔಷಧ ಪಡೆದ ನೂರು ರೋಗಿಗಳಲ್ಲಿ ಎಂಟು ಮಂದಿ ಸತ್ತರು, ಪಡೆಯದ ನೂರು ರೋಗಿಗಳಲ್ಲಿ ಹತ್ತು ಮಂದಿ ಸತ್ತರು ಎಂದಿಟ್ಟುಕೊಳ್ಳೋಣ. ಔಷಧ ಇಬ್ಬರನ್ನು ಉಳಿಸಿತೋ, ಆ ಇಬ್ಬರು ಹೇಗಿದ್ದರೂ ಉಳಿಯುವವರೇ ಆಗಿದ್ದರೋ? ನೂರರ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಔಷಧ ನಿಜವಾಗಿಯೂ ಸಾವನ್ನು ಶೇ. 10ರಿಂದ ಶೇ. 8ಕ್ಕೆ ಇಳಿಸುವಂಥದ್ದೇ ಆಗಿದ್ದರೂ, ಗುಂಪಿಗೆ ನೂರು ಮಂದಿಯಂತೆ ಪ್ರಯೋಗ ಮಾಡಿದರೆ ಇಂದಿನ ರೂಢಿಯ ಪರೀಕ್ಷೆಯಲ್ಲಿ ಆ ಗುಣ ಕಣ್ಣಿಗೆ ಬೀಳುವ ಸಂಭವ ಶೇ. 7ರಷ್ಟು ಮಾತ್ರ. ಹತ್ತು ಸಲ ಪ್ರಯೋಗ ಮಾಡಿದರೆ ಎಂಟು ಸಲವಾದರೂ ಕಾಣಬೇಕೆಂದರೆ ಗುಂಪಿಗೆ ಸುಮಾರು 3,200 ಮಂದಿ ಬೇಕು. ಈ ಅಂಕಿಗಳನ್ನು ಇಂದು ಯಾವ ಕಂಪ್ಯೂಟರಾದರೂ ಕ್ಷಣದಲ್ಲಿ ಕೊಡುತ್ತದೆ. ಆದರೆ ಪ್ರಯೋಗಕ್ಕೆ ಕೈ ಹಾಕುವ ಮೊದಲೇ ಎಷ್ಟು ಮಂದಿ ಬೇಕೆಂದು ಕೇಳುವ ರೂಢಿ ವೈದ್ಯಲೋಕದಲ್ಲಿ ಬೇರೂರಲು ನೂರೈವತ್ತು ವರ್ಷಗಳೇ ಹಿಡಿದವು. ಅದಕ್ಕೆ ಬೇಕಾದ ಗಣಿತದ ಬಹುಪಾಲು ಬಹಳ ಮೊದಲೇ ಸಿದ್ಧವಾಗಿತ್ತು, ಕೇಳುವವರಿರಲಿಲ್ಲ.

ಪ್ರಮಾಣಗಳ ಲೆಕ್ಕ ಶುರುವಾದದ್ದು ಆಸ್ಪತ್ರೆಯಲ್ಲಲ್ಲ, ಚರ್ಚಿನ ದಾಖಲೆಗಳಲ್ಲಿ. ಲಂಡನ್ನಿನ ವೈದ್ಯ ಜಾನ್ ಅರ್ಬತ್‌ನಾಟ್ 1710ರಲ್ಲಿ ಆ ನಗರದ 82 ವರ್ಷಗಳ ಶಿಶುದೀಕ್ಷೆಯ ಪಟ್ಟಿಗಳನ್ನು ತೆಗೆದು ನೋಡಿದ. ಪ್ರತಿ ವರ್ಷವೂ ಗಂಡು ಶಿಶುಗಳ ಸಂಖ್ಯೆಯೇ ಹೆಚ್ಚಾಗಿತ್ತು. ಗಂಡು ಹೆಣ್ಣುಗಳ ಸಂಭವ ಸಮವಾಗಿದ್ದರೆ ಹೀಗೆ ಸತತ 82 ವರ್ಷ ಆಗುವುದು ಅಸಾಧ್ಯವೆನ್ನುವಷ್ಟು ವಿರಳ, ಆದ್ದರಿಂದ ಇದು ದೈವಸಂಕಲ್ಪವೇ ಸರಿ ಎಂದು ಆತ ತೀರ್ಮಾನಿಸಿದ. ಮುಂದೆ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದೇ ಜನನದ ಅಂಕಿಗಳನ್ನು ಹಿಡಿದು ಊರಿಂದೂರಿಗೆ ಪ್ರಮಾಣ ಹೋಲಿಸುವ ಗಣಿತವನ್ನು ಹದಕ್ಕೆ ತಂದ. ಇವರಿಬ್ಬರಿಗೂ ಅಂಕಿಗಳ ಕೊರತೆ ಇರಲಿಲ್ಲ. ದಾಖಲೆಯಲ್ಲಿ ಇದ್ದಷ್ಟೂ ಅವರದೇ. ಎಷ್ಟು ಸಾಕು ಎಂದು ಕೇಳುವ ಪ್ರಮೇಯವೇ ಬರಲಿಲ್ಲ.

ಕೊರತೆ ಎದುರಾದದ್ದು ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ. 1830ರ ದಶಕದಲ್ಲಿ ಅಲ್ಲಿ ಜ್ವರ ಬಂದವರ ರಕ್ತ ತೆಗೆಯುವುದು, ಜಿಗಣೆ ಹಚ್ಚುವುದು ನಿತ್ಯದ ಚಿಕಿತ್ಸೆ. ಪಿಯೆರ್ ಲೂಯಿ ಎಂಬ ವೈದ್ಯ ಅದರ ಫಲವನ್ನು ಎಣಿಸಿ ನೋಡಲು ಹೊರಟ. ಆತ 1835ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನ್ಯುಮೋನಿಯಾದ 77 ರೋಗಿಗಳ ಲೆಕ್ಕವಿದೆ. ಕಾಯಿಲೆಯ ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡ 41 ಮಂದಿಯಲ್ಲಿ 18 ಮಂದಿ ಸತ್ತಿದ್ದರು, ಅಂದರೆ ಶೇ. 44. ತಡವಾಗಿ ತೆಗೆಸಿಕೊಂಡ 36 ಮಂದಿಯಲ್ಲಿ ಸತ್ತವರು 9, ಶೇ. 25. ಚಿಕಿತ್ಸೆ ಬೇಗ ಆದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಈ ಅಂಕಿ ಕೊಟ್ಟ ಪೆಟ್ಟು ಸಣ್ಣದಲ್ಲ. 1837ರಲ್ಲಿ ಪ್ಯಾರಿಸ್ಸಿನ ವೈದ್ಯ ಅಕಾಡೆಮಿಯಲ್ಲಿ ಈ ಎಣಿಕೆ ಪದ್ಧತಿಯ ಬಗ್ಗೆ ದೊಡ್ಡ ಜಗಳವೇ ನಡೆಯಿತು. ರೋಗಿ ರೋಗಿಗೂ ಬೇರೆ, ಮನುಷ್ಯರನ್ನು ಒಟ್ಟುಗೂಡಿಸಿ ಭಾಗಿಸುವುದು ವೈದ್ಯವೃತ್ತಿಯೇ ಅಲ್ಲ ಎಂದು ಎದುರಾಳಿಗಳು ವಾದಿಸಿದರು.

ಲೂಯಿಗೆ ನಿಜವಾದ ಸವಾಲು ಬಂದದ್ದು ಈ ಎದುರಾಳಿಗಳಿಂದಲ್ಲ, ಎಣಿಕೆಯನ್ನು ಒಪ್ಪಿದವನಿಂದ. ಜೂಲ್ ಗವಾರೆ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಗಣಿತ ಕಲಿತು ಆಮೇಲೆ ವೈದ್ಯನಾದವನು. 1840ರಲ್ಲಿ ಆತ ವೈದ್ಯಕೀಯ ಅಂಕಿಅಂಶಗಳ ಮೂಲತತ್ವಗಳ ಮೇಲೆ ಪುಸ್ತಕ ಬರೆದ. ಗಣಿತಜ್ಞ ಪ್ವಾಸೋನ್ ಮೂರು ವರ್ಷ ಹಿಂದೆ ಪ್ರಕಟಿಸಿದ್ದ ಗಣಿತವನ್ನು ಆಸ್ಪತ್ರೆಯ ವಾರ್ಡಿಗೆ ತಂದದ್ದು ಆ ಪುಸ್ತಕದ ಹೆಚ್ಚುಗಾರಿಕೆ. ಟೈಫಾಯ್ಡ್ ಬಗ್ಗೆ ಲೂಯಿ ಕೊಟ್ಟಿದ್ದ ಅಂಕಿಯನ್ನೇ ಗವಾರೆ ಕೈಗೆತ್ತಿಕೊಂಡ: 140 ರೋಗಿಗಳು, 52 ಸಾವು. ಸಾವಿನ ಪ್ರಮಾಣ ಶೇ. 37 ಎಂದು ಲೂಯಿ ಬರೆದಿದ್ದ. ಗವಾರೆಯ ಸೂತ್ರ ಹೀಗೆ: ಸತ್ತವರ ಪ್ರಮಾಣವನ್ನು ಉಳಿದವರ ಪ್ರಮಾಣದಿಂದ ಗುಣಿಸಿ, ಅದನ್ನು ಇಮ್ಮಡಿ ಮಾಡಿ, ರೋಗಿಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ಮತ್ತೆ ಇಮ್ಮಡಿ ಮಾಡಬೇಕು. 140 ಮತ್ತು 52ಕ್ಕೆ ಇದು 11.55 ಶೇಕಡಾ ಅಂಶ ಕೊಡುತ್ತದೆ. ಅಂದರೆ ನಿಜವಾದ ಸಾವಿನ ಪ್ರಮಾಣ ಶೇ. 26ರಿಂದ ಶೇ. 49ರವರೆಗೆ ಎಲ್ಲಿ ಬೇಕಾದರೂ ಇರಬಹುದು. ನೂರಕ್ಕೆ 26 ಎಲ್ಲಿ, 49 ಎಲ್ಲಿ! ಇಷ್ಟು ಅಗಲದ ಅಂತರದೊಳಗೆ ಚಿಕಿತ್ಸೆಯೊಂದನ್ನು ಹೊಗಳುವುದೂ ತೆಗಳುವುದೂ ಎರಡೂ ದುಡುಕು. ಹತ್ತಿಪ್ಪತ್ತು ರೋಗಿಗಳ ಲೆಕ್ಕ ಬಿಡಿ, ನೂರಾರು ರೋಗಿಗಳನ್ನು ಎಣಿಸದೆ ಎರಡು ಚಿಕಿತ್ಸೆಗಳ ಮೇಲುಕೀಳನ್ನು ತೀರ್ಮಾನಿಸಬಾರದು ಎಂಬುದು ಗವಾರೆಯ ಪಟ್ಟು.

ಎರಡು ಗುಂಪುಗಳಿಗೂ ಆತನ ಬಳಿ ಸೂತ್ರವಿತ್ತು. ಕಂಡ ವ್ಯತ್ಯಾಸ ಸೂತ್ರ ಕೊಡುವ ಮಿತಿಯನ್ನು ಮೀರಬೇಕು. ಮೀರದಿದ್ದರೆ ಅದು ಆಕಸ್ಮಿಕವಿರಬಹುದು. ಲೂಯಿಯ ನ್ಯುಮೋನಿಯಾ ಅಂಕಿಗಳನ್ನು ಆ ಸೂತ್ರಕ್ಕೆ ಹಾಕಿದರೆ ಮಿತಿ ಸುಮಾರು ಶೇ. 30 ಬರುತ್ತದೆ, ಕಂಡ ವ್ಯತ್ಯಾಸ ಶೇ. 19. ರಕ್ತ ತೆಗೆಯುವ ಪದ್ಧತಿಯನ್ನು ಅಲುಗಾಡಿಸಿದ ಪ್ರಸಿದ್ಧ ಕೋಷ್ಟಕ ಗವಾರೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಇಂದಿನ, ಅದಕ್ಕಿಂತ ಸಡಿಲವಾದ ಶೇ. 5ರ ಪರೀಕ್ಷೆಯಲ್ಲೂ ಆಗುವುದಿಲ್ಲ. ಲೂಯಿಯ ತೀರ್ಮಾನ ಸರಿಯಿತ್ತು, ಪುರಾವೆ ಸಾಲದಾಗಿತ್ತು. ಈ ಎರಡು ಬೇರೆ ಬೇರೆ ಸಂಗತಿಗಳೆಂದು ಮೊದಲು ಬಿಡಿಸಿ ತೋರಿಸಿದ ಗವಾರೆಯ ಪುಸ್ತಕವನ್ನು ಅವನ ಕಾಲದ ವೈದ್ಯರು ಹೆಚ್ಚುಕಡಿಮೆ ಮರೆತೇಬಿಟ್ಟರು.

ಸಂಖ್ಯೆ ಸಾಕಷ್ಟಿದ್ದರೂ ಸಾಲದ ಸಂದರ್ಭಗಳೂ ಇದ್ದವು. ವಿಯೆನ್ನಾದ ಹೆರಿಗೆ ಆಸ್ಪತ್ರೆಯ ಎರಡು ವಿಭಾಗಗಳಲ್ಲಿ 1846ರಲ್ಲಿ ಬಾಣಂತಿ ನಂಜಿನ ಸಾವು ಹೀಗಿತ್ತು: ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ಮೊದಲ ವಿಭಾಗದಲ್ಲಿ 4,010 ಹೆರಿಗೆಗೆ 459, ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯದರಲ್ಲಿ 3,754ಕ್ಕೆ 105. ಮರುವರ್ಷ ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆ ತಂದ. 1848ರ ಹೊತ್ತಿಗೆ ಮೊದಲ ವಿಭಾಗದ ಸಾವು 3,556ಕ್ಕೆ 45ಕ್ಕೆ ಇಳಿಯಿತು. ಯಾವ ಸೂತ್ರವೂ ಬೇಡದಷ್ಟು ನಿಚ್ಚಳವಾದ ವ್ಯತ್ಯಾಸ. ಆದರೂ ಹಿರಿಯ ವೈದ್ಯರು ಒಪ್ಪಲಿಲ್ಲ, ಏಕೆಂದರೆ ಕಾರಣದ ಸಿದ್ಧಾಂತ ಅವರಿಗೆ ಹಿಡಿಸಲಿಲ್ಲ. ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್‌ನದು ಇದರ ತದ್ವಿರುದ್ಧ ಕತೆ. ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗಳಲ್ಲಿ ನಂಜುನಿರೋಧಕ ಬಳಸುವ ಮೊದಲು 35ಕ್ಕೆ 16 ಸಾವು, ಬಳಸಿದ ಮೇಲೆ 40ಕ್ಕೆ 6. ಇದನ್ನು 1870ರಲ್ಲಿ ಪ್ರಕಟಿಸುವಾಗ, ಅಂಕಿಅಂಶದ ಹೋಲಿಕೆಗೆ ಈ ಸಂಖ್ಯೆಗಳು ಚಿಕ್ಕವು ಎಂದು ಲಿಸ್ಟರ್ ತಾನೇ ಒಪ್ಪಿಕೊಂಡಿದ್ದ. ವಾಸ್ತವವಾಗಿ ಅವು ಗವಾರೆಯ ಬಿಗಿ ಪರೀಕ್ಷೆಯನ್ನೂ ಕೂದಲೆಳೆಯಲ್ಲಿ ದಾಟುತ್ತವೆ: ಮಿತಿ ಶೇ. 28.7, ವ್ಯತ್ಯಾಸ ಶೇ. 30.7. ವ್ಯತ್ಯಾಸ ದೊಡ್ಡದಾಗಿದ್ದರೆ ಸಣ್ಣ ಸಂಖ್ಯೆಯೂ ಸಾಕಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮುಂದಿನ ಅಧ್ಯಾಯ ಲಸಿಕೆಗಳದು, ಅದರ ಒಂದು ಭಾಗ ಕನ್ನಡನಾಡಿನಲ್ಲೂ ನಡೆಯಿತು. ಮುಂಬೈಯಲ್ಲಿ 1897ರಲ್ಲಿ ವಾಲ್ಡೆಮಾರ್ ಹಾಫ್ಕಿನ್ ಪ್ಲೇಗ್ ಲಸಿಕೆಯನ್ನು ಬೈಕುಲಾ ಸೆರೆಮನೆಯ ಕೈದಿಗಳ ಮೇಲೆ ಪರೀಕ್ಷಿಸಿದ. ಮರುವರ್ಷ ಪ್ಲೇಗ್ ಹುಬ್ಬಳ್ಳಿಗೆ ಬಡಿದಾಗ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಆ ಲಸಿಕೆ ಹಾಕಲಾಯಿತು. ಚುಚ್ಚಿಸಿಕೊಂಡವರಲ್ಲಿ ಎಷ್ಟು ಸಾವು, ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು ಎಂಬ ಹೋಲಿಕೆಯೇ ಲಸಿಕೆಯ ಪರ ವಕಾಲತ್ತು. ತೊಡಕು ಏನೆಂದರೆ ಚುಚ್ಚಿಸಿಕೊಳ್ಳಲು ಮುಂದೆ ಬಂದವರೂ ಹಿಂದೆ ಸರಿದವರೂ ಒಂದೇ ಬಗೆಯ ಜನವಲ್ಲ. ದಿನ ಕಳೆದಂತೆ ಎರಡನೆಯ ಗುಂಪಿನವರು ಮೊದಲನೆಯದಕ್ಕೆ ಸೇರುತ್ತ ಹೋಗುತ್ತಾರೆ, ಭಾಗಿಸಬೇಕಾದ ಸಂಖ್ಯೆಯೇ ಒಂದು ಕಡೆ ನಿಲ್ಲುವುದಿಲ್ಲ. ಲಂಡನ್ನಿನಲ್ಲಿ ಕಾರ್ಲ್ ಪಿಯರ್ಸನ್ 1900ರಲ್ಲಿ, ಎಣಿಕೆಗಳ ವ್ಯತ್ಯಾಸ ಆಕಸ್ಮಿಕವೇ ಎಂದು ಅಳೆಯುವ ಕೈ-ಸ್ಕ್ವೇರ್ ಪರೀಕ್ಷೆಯನ್ನು ಕೊಟ್ಟ. 1904ರಲ್ಲಿ ಸೈನಿಕರ ಟೈಫಾಯ್ಡ್ ಲಸಿಕೆಯ ಅಂಕಿಗಳನ್ನು ಪರಿಶೀಲಿಸಿ, ಅವು ಹೊಂದಿಬರುವುದಿಲ್ಲವೆಂದು ಹೇಳಿ ಆ ಲಸಿಕೆಯನ್ನು ರೂಪಿಸಿದ ಆಲ್ಮ್ರಾತ್ ರೈಟ್‌ನ ಕೋಪಕ್ಕೆ ಗುರಿಯಾದ. ಒಪ್ಪಿ ಬಂದ ಸೈನಿಕರ ಹೆಸರು ಬರೆದುಕೊಂಡು ಒಬ್ಬರನ್ನು ಬಿಟ್ಟು ಒಬ್ಬರಿಗೆ ಲಸಿಕೆ ಹಾಕಿ ಎಂದು ಪಿಯರ್ಸನ್ ಸೂಚಿಸಿದ್ದು ಆಗಲೇ. 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಟೈಫಾಯ್ಡ್, ಕಾಲರಾ ಲಸಿಕೆಗಳ ಅಂಕಿಗಳಿಗೆ ಇದೇ ಜರಡಿ ಹಿಡಿದರು. ಇಷ್ಟಾದರೂ ಎಲ್ಲರದೂ ಆದ ಮೇಲಿನ ವಿಮರ್ಶೆ. ಮೊದಲೇ ಎಷ್ಟು ಸೈನಿಕರು ಬೇಕೆಂದು ಲೆಕ್ಕ ಹಾಕಿದವರಿಲ್ಲ.

ಲೆಕ್ಕ ಹಾಕಲು ಒಂದು ಕಲ್ಪನೆ ಬೇಕಿತ್ತು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರ ತನ್ನ ಪುಸ್ತಕದಲ್ಲಿ ಇಪ್ಪತ್ತರಲ್ಲಿ ಒಂದು, ಅಂದರೆ ಶೇ. 5ರ ಗೆರೆಯನ್ನು ಅನುಕೂಲಕರ ಎಂದು ಬಳಕೆಗೆ ತಂದ. ಇಲ್ಲದ ವ್ಯತ್ಯಾಸವನ್ನು ಇದೆಯೆಂದು ಭಾವಿಸುವ ತಪ್ಪಿಗೆ ಅದು ಕಡಿವಾಣ. ಇರುವ ವ್ಯತ್ಯಾಸವನ್ನು ಕಾಣದೆ ಹೋಗುವ ತಪ್ಪಿನ ಗತಿಯೇನು? ಇದನ್ನು ಹಿಡಿದು ಕೂತವರು ಪೋಲೆಂಡಿನ ಜೆರ್ಜಿ ನೇಮನ್ ಮತ್ತು ಕಾರ್ಲ್ ಪಿಯರ್ಸನ್ನನ ಮಗ ಎಗೋನ್ ಪಿಯರ್ಸನ್. ವಾರ್ಸಾ ಲಂಡನ್ನುಗಳ ನಡುವೆ ಪತ್ರ ಬರೆದುಕೊಳ್ಳುತ್ತಲೇ 1928ರಿಂದ 1933ರವರೆಗೆ ಸಿದ್ಧಾಂತ ಕಟ್ಟಿದರು. ಮೊದಲ ಬಗೆಯ ತಪ್ಪು, ಎರಡನೆಯ ಬಗೆಯ ತಪ್ಪು, ಎರಡನೆಯದನ್ನು ತಪ್ಪಿಸುವ ಸಾಮರ್ಥ್ಯವಾದ ‘ಪವರ್’: ಈ ಮೂರೂ ಅವರ ಕೊಡುಗೆ. ಫಿಶರ್‌ಗೆ ಇದು ಕಾರ್ಖಾನೆಯ ತಪಾಸಣೆಗೆ ಸರಿ, ವಿಜ್ಞಾನಕ್ಕೆ ಸಲ್ಲದು ಅನ್ನಿಸಿತು. ಕಾರ್ಲ್ ಪಿಯರ್ಸನ್ 1933ರಲ್ಲಿ ನಿವೃತ್ತನಾದಾಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಅವನ ವಿಭಾಗವನ್ನು ಇಬ್ಭಾಗ ಮಾಡಿ ಒಂದನ್ನು ಫಿಶರ್‌ಗೂ ಇನ್ನೊಂದನ್ನು ಎಗೋನ್‌ಗೂ ಕೊಟ್ಟಿತು. ಒಂದೇ ಕಟ್ಟಡದಲ್ಲಿದ್ದುಕೊಂಡು ಎರಡು ಪಂಥಗಳು ಮುಖ ತಿರುಗಿಸಿಕೊಂಡವು. ಇಂದಿನ ಪಠ್ಯಪುಸ್ತಕಗಳು ಫಿಶರ್‌ನ ಗೆರೆ, ನೇಮನ್‌ನ ಪವರ್ ಎರಡನ್ನೂ ಒಂದೇ ಪುಟದಲ್ಲಿ ಹೊಲಿದು ಕೊಡುತ್ತವೆ. ಅದನ್ನು ಅವರಿಬ್ಬರಲ್ಲಿ ಯಾರೂ ಮೆಚ್ಚುತ್ತಿರಲಿಲ್ಲ.

ಲೆಕ್ಕದ ಹೊರಮೈ ಸರಳ. ನಾಲ್ಕು ಸಂಗತಿಗಳು ಒಂದಕ್ಕೊಂದು ಕಟ್ಟಿಕೊಂಡಿವೆ: ಎರಡು ಗುಂಪುಗಳ ನಿರೀಕ್ಷಿತ ಪ್ರಮಾಣಗಳು, ಮೊದಲ ಬಗೆಯ ತಪ್ಪಿಗೆ ಬಿಟ್ಟುಕೊಟ್ಟ ಅವಕಾಶ, ಬಯಸುವ ಪವರ್, ಗುಂಪಿನ ಗಾತ್ರ. ಮೂರನ್ನು ಹೇಳಿದರೆ ನಾಲ್ಕನೆಯದು ತಾನೇ ಬರುತ್ತದೆ. ತಪ್ಪಿನ ಅವಕಾಶ ಶೇ. 5, ಪವರ್ ಶೇ. 80 ಎಂದು ಹಿಡಿದರೆ ಎರಡಕ್ಕೂ ಸಲ್ಲುವ 1.96 ಮತ್ತು 0.84 ಕೂಡಿಸಿ ವರ್ಗ ಮಾಡಿದಾಗ ಸುಮಾರು 7.85 ಬರುತ್ತದೆ. ಅದನ್ನು ಎರಡೂ ಗುಂಪುಗಳ ಏರಿಳಿತದ (ಸತ್ತವರ ಪ್ರಮಾಣವನ್ನು ಉಳಿದವರ ಪ್ರಮಾಣದಿಂದ ಗುಣಿಸಿದ್ದು) ಮೊತ್ತದಿಂದ ಗುಣಿಸಿ, ವ್ಯತ್ಯಾಸದ ವರ್ಗದಿಂದ ಭಾಗಿಸಿದರೆ ಗುಂಪಿನ ಗಾತ್ರ. ಇಡೀ ಚರಿತ್ರೆಯ ಸಂಕಟವೆಲ್ಲ ಆ ಕೊನೆಯ ವರ್ಗದಲ್ಲಿದೆ. ಸಾವು ಶೇ. 10ರಿಂದ 5ಕ್ಕೆ ಇಳಿಯುತ್ತದೆಂದರೆ ಗುಂಪಿಗೆ ಸುಮಾರು 435 ಮಂದಿ ಸಾಕು. 8ಕ್ಕೆ ಇಳಿಯುತ್ತದೆಂದರೆ 3,200. 9ಕ್ಕೆ ಮಾತ್ರ ಇಳಿಯುತ್ತದೆಂದರೆ 13,500. ಹುಡುಕುವ ವ್ಯತ್ಯಾಸ ಐದರಲ್ಲಿ ಒಂದಾದರೆ ಬೇಕಾದ ಜನ ಮೂವತ್ತು ಪಟ್ಟಿಗೂ ಹೆಚ್ಚು.

1948 ಈ ಚರಿತ್ರೆಯಲ್ಲಿ ಫಲವತ್ತಾದ ವರ್ಷ. ಎಗೋನ್ ಪಿಯರ್ಸನ್ ಸಂಪಾದಿಸುತ್ತಿದ್ದ ‘ಬಯೋಮೆಟ್ರಿಕಾ’ದಲ್ಲಿ ಪಿ.ಬಿ. ಪಟ್ನಾಯಕ್ ಎರಡು ಪ್ರಮಾಣಗಳ ವ್ಯತ್ಯಾಸದ ಪರೀಕ್ಷೆಗೆ ಪವರ್ ಎಷ್ಟೆಂದು ಲೆಕ್ಕ ಹಾಕುವ ಪ್ರಬಂಧ ಪ್ರಕಟಿಸಿದರು. ಈ ವಿಷಯದ ಮೇಲೆ ನೇರವಾಗಿ ಬಂದ ಮೊದಮೊದಲ ಬರಹಗಳಲ್ಲಿ ಅದೊಂದು. ಅದೇ ವರ್ಷ ಸಿ.ಆರ್. ರಾವ್ ತಮ್ಮ ‘ಸ್ಕೋರ್ ಪರೀಕ್ಷೆ’ಯನ್ನು ಕೊಟ್ಟರು. ಎರಡೂ ಗುಂಪುಗಳನ್ನು ಒಟ್ಟು ಸೇರಿಸಿ ಸರಾಸರಿ ಪ್ರಮಾಣ ತೆಗೆದು ವ್ಯತ್ಯಾಸ ಅಳೆಯುವ ಬಳಕೆಯ ಪರೀಕ್ಷೆ ಆ ದೊಡ್ಡ ಕುಟುಂಬದ್ದೇ ಒಂದು ಕುಡಿ. ರಾವ್ ಹುಟ್ಟಿದ್ದು 1920ರಲ್ಲಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹೂವಿನ ಹಡಗಲಿಯಲ್ಲಿ. ಮತ್ತೆ ಅದೇ 1948ರಲ್ಲಿ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ವರದಿ ಬಂತು. ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ರೂಪಿಸಿದ ಈ ಪ್ರಯೋಗದಲ್ಲಿ ಕ್ಷಯರೋಗಿಗಳು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಆರು ತಿಂಗಳಲ್ಲಿ ಔಷಧ ಪಡೆದ 55ರಲ್ಲಿ 4 ಸಾವು, ಬರೀ ವಿಶ್ರಾಂತಿಯ 52ರಲ್ಲಿ 14. ಆ 107 ಎಂಬ ಸಂಖ್ಯೆಗೆ ಪವರ್‌ನ ಲೆಕ್ಕ ಆಧಾರವಾಗಿರಲಿಲ್ಲ. ಯುದ್ಧಾನಂತರದ ಬ್ರಿಟನ್ನಿಗೆ ಔಷಧವೇ ತೀರ ಕಡಿಮೆ ಸಿಕ್ಕಿತ್ತು. ಔಷಧದ ಗುಣ ದೊಡ್ಡದಾಗಿದ್ದರಿಂದ ಕಂಡಿತು. ಅದರ ಅರ್ಧದಷ್ಟೇ ಗುಣವಿದ್ದಿದ್ದರೆ, ಸಾವು ಶೇ. 27ರಿಂದ 17ಕ್ಕೆ ಇಳಿಯುವುದನ್ನು ನಂಬಿಕೆಯಿಂದ ಕಾಣಲು ಗುಂಪಿಗೆ ಸುಮಾರು 265 ಮಂದಿ ಬೇಕಾಗುತ್ತಿತ್ತು. ಆಧುನಿಕ ವೈದ್ಯ ಪ್ರಯೋಗಗಳ ಮೂಲಮಾದರಿ ಎನಿಸಿಕೊಂಡ ಪ್ರಯೋಗ ಆಗ ಸೋತ ಪ್ರಯೋಗವಾಗಿ ಉಳಿಯುವ ಸಂಭವವೇ ಹೆಚ್ಚಿತ್ತು.

ಸಂಖ್ಯೆಯನ್ನು ಮೊದಲೇ ಯೋಚಿಸಲೇಬೇಕಾದ ಅನಿವಾರ್ಯ ಒದಗಿದ್ದು ಪೋಲಿಯೊದಿಂದ. ಅಮೆರಿಕದಲ್ಲಿ ಪೋಲಿಯೊ ಎಷ್ಟು ಭಯ ಹುಟ್ಟಿಸಿತ್ತೋ ಅಷ್ಟೇ ವಿರಳವಾಗಿತ್ತು: ವರ್ಷಕ್ಕೆ ಲಕ್ಷಕ್ಕೆ ಐವತ್ತರ ಆಸುಪಾಸು. ಮೇಲಾಗಿ ವರ್ಷದಿಂದ ವರ್ಷಕ್ಕೆ ಭಾರಿ ಏರುಪೇರು. 1952ರಲ್ಲಿ ಸುಮಾರು 58,000 ಪ್ರಕರಣಗಳಾದರೆ 1953ರಲ್ಲಿ ಸುಮಾರು 35,000. ಆದ್ದರಿಂದ ಈ ವರ್ಷ ಲಸಿಕೆ ಹಾಕಿ ಹೋದ ವರ್ಷದೊಂದಿಗೆ ಹೋಲಿಸುವಂತಿರಲಿಲ್ಲ. ಜೋನಾಸ್ ಸಾಲ್ಕ್‌ನ ಲಸಿಕೆ ರೋಗವನ್ನು ಅರ್ಧಕ್ಕೆ ಇಳಿಸುತ್ತದೆಂದು ಭಾವಿಸಿ ಲೆಕ್ಕ ಹಾಕೋಣ. ಗುಂಪಿಗೆ 20,000 ಮಕ್ಕಳಿದ್ದರೆ ನಿರೀಕ್ಷಿಸಬಹುದಾದದ್ದು ಒಂದು ಕಡೆ 10, ಇನ್ನೊಂದು ಕಡೆ 5 ಪ್ರಕರಣ. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದೀತು. ಗುಂಪಿಗೆ ಎರಡು ಲಕ್ಷವಿದ್ದರೆ 100 ಮತ್ತು 50. ಆಗ ಅನುಮಾನಕ್ಕೆ ಎಡೆಯಿಲ್ಲ. 1954ರ ಪ್ರಯೋಗ ಇದೇ ಅಳತೆಯದು. ಹುಸಿ ಚುಚ್ಚುಮದ್ದಿನೊಂದಿಗೆ ಹೋಲಿಸಿದ ಭಾಗದಲ್ಲಿ ಲಸಿಕೆ ಪಡೆದ ಮಕ್ಕಳು 2,00,745, ಹುಸಿ ಮದ್ದು ಪಡೆದವರು 2,01,229. ಥಾಮಸ್ ಫ್ರಾನ್ಸಿಸ್ 1955ರ ಏಪ್ರಿಲ್ 12ರಂದು ಪ್ರಕಟಿಸಿದ ಫಲಿತಾಂಶದಲ್ಲಿ ಲಕ್ಷಕ್ಕೆ 28 ಮತ್ತು 71 ಪ್ರಕರಣ. ಮಕ್ಕಳ ತೋಳಿಗೆ ಬರೀ ನೀರಿನಂಥ ದ್ರವ ಚುಚ್ಚುವುದು ನ್ಯಾಯವೇ ಎಂದು ಗೊಣಗಿದ ಕೆಲವು ಪ್ರಾಂತಗಳು ಹುಸಿ ಮದ್ದನ್ನು ಒಪ್ಪದೆ, ಎರಡನೆಯ ತರಗತಿಗೆ ಲಸಿಕೆ ಹಾಕಿ ಒಂದು ಮತ್ತು ಮೂರನೆಯ ತರಗತಿಗಳ ಮಕ್ಕಳೊಂದಿಗೆ ಹೋಲಿಸಿದವು. ಅಲ್ಲಿ ಮಕ್ಕಳ ಸಂಖ್ಯೆ ಇನ್ನೂ ದೊಡ್ಡದಿತ್ತು, ಆದರೆ ಸಂಖ್ಯಾಶಾಸ್ತ್ರಜ್ಞರು ನೆಚ್ಚಿಕೊಂಡದ್ದು ಮೊದಲ ಭಾಗವನ್ನೇ. ಒಪ್ಪಿಗೆ ಕೊಟ್ಟ ಮನೆಗಳ ಮಕ್ಕಳನ್ನು ಒಪ್ಪಿಗೆಯನ್ನೇ ಕೇಳದ ಮನೆಗಳವರೊಂದಿಗೆ ಹೋಲಿಸಿದರೆ ಹುಬ್ಬಳ್ಳಿಯ ಹಳೆಯ ತೊಡಕೇ ಮರಳಿ ಬರುತ್ತದೆ. ಗಾತ್ರ ಎಷ್ಟಿದ್ದರೂ ಆ ದೋಷವನ್ನು ತೊಳೆಯಲಾರದು.

ಭಾರತದಲ್ಲಿ ಇದಕ್ಕೆ ಸಾಟಿಯಾದ ಪ್ರಯೋಗ ನಡೆದದ್ದು ಮದರಾಸಿನ ಪಕ್ಕದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಕ್ಷಯಕ್ಕೆ ಬಿಸಿಜಿ ಲಸಿಕೆ ಎಷ್ಟು ತಡೆ ಒಡ್ಡುತ್ತದೆಂದು ತಿಳಿಯಲು 1968ರಲ್ಲಿ ಶುರುವಾದ ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಲಸಿಕೆ ಅಥವಾ ಹುಸಿ ಮದ್ದು ಕೊಡಲಾಯಿತು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ಲಸಿಕೆ ತಡೆಯಲಿಲ್ಲ ಎಂಬ ಫಲಿತಾಂಶ ಜಗತ್ತನ್ನೇ ಬೆಚ್ಚಿಸಿತು. ಇದೇ ಉತ್ತರ ಒಂದೆರಡು ಸಾವಿರ ಜನರ ಪ್ರಯೋಗದಿಂದ ಬಂದಿದ್ದರೆ ಸಂಖ್ಯೆ ಸಾಲದು ಎಂದು ತಳ್ಳಿಹಾಕಬಹುದಿತ್ತು. ‘ಗುಣವಿಲ್ಲ’ ಎನ್ನುವ ಅಧಿಕಾರ ದೊಡ್ಡ ಪ್ರಯೋಗಕ್ಕೆ ಮಾತ್ರ ಇದೆ.

ಸಣ್ಣ ಪ್ರಯೋಗಗಳು ಆ ಅಧಿಕಾರವಿಲ್ಲದೆಯೇ ಹಾಗೆ ಹೇಳುತ್ತಿದ್ದವು. ಅದನ್ನು ಮೊದಲು ಬಯಲಿಗೆಳೆದದ್ದು ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್. 1962ರಲ್ಲಿ ಆತ ಒಂದು ಪ್ರತಿಷ್ಠಿತ ಪತ್ರಿಕೆಯ ಒಂದು ವರ್ಷದ ಪ್ರಬಂಧಗಳನ್ನೆಲ್ಲ ತೆಗೆದು, ಮಧ್ಯಮ ಗಾತ್ರದ ಪರಿಣಾಮವನ್ನು ಕಾಣುವ ಪವರ್ ಅವುಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತಲೂ ಕಡಿಮೆ ಎಂದು ತೋರಿಸಿದ. 1969ರಲ್ಲಿ ಬಂದ ಅವನ ಪುಸ್ತಕ ಕೋಷ್ಟಕಗಳ ಮೂಲಕ ಈ ಲೆಕ್ಕವನ್ನು ಗಣಿತ ಬಾರದವರ ಕೈಗೂ ಕೊಟ್ಟಿತು. ಶೇ. 80ರ ಪವರ್ ರೂಢಿಗೆ ಬಂದದ್ದು ಕೋಹೆನ್‌ನಿಂದ. ಮೊದಲ ಬಗೆಯ ತಪ್ಪು ಎರಡನೆಯದಕ್ಕಿಂತ ನಾಲ್ಕು ಪಟ್ಟು ಕೆಟ್ಟದ್ದೆಂದು ಹಿಡಿದರೆ, ಐದರ ನಾಲ್ಕು ಪಟ್ಟು ಇಪ್ಪತ್ತು. ನೂರರಲ್ಲಿ ಅದನ್ನು ಕಳೆದರೆ ಎಂಬತ್ತು. ಬೇರೆ ಆಧಾರವಿಲ್ಲದಿದ್ದಾಗ ಇದನ್ನು ಬಳಸಿ ಎಂದು ಆತ ಹೇಳಿದ್ದ. ನಾಲ್ಕು ಪಟ್ಟು ಏಕೆ ಎಂದು ಕೇಳುವವರು ಈಗ ಅಪರೂಪ. 1978ರಲ್ಲಿ ಫ್ರೀಮನ್, ಚಾಮರ್ಸ್ ಮತ್ತು ಸಂಗಡಿಗರು ಇದೇ ಜರಡಿಯನ್ನು ವೈದ್ಯ ಪ್ರಯೋಗಗಳಿಗೆ ಹಿಡಿದರು. ‘ಚಿಕಿತ್ಸೆಯಿಂದ ಪ್ರಯೋಜನವಿಲ್ಲ’ ಎಂದಿದ್ದ 71 ಪ್ರಯೋಗಗಳಲ್ಲಿ 50, ಸಾವುನೋವು ಅರ್ಧಕ್ಕಿಳಿದಿದ್ದರೂ ಅದನ್ನು ಕಾಣದೆ ಹೋಗುವ ಸಂಭವ ಶೇ. 10ಕ್ಕಿಂತ ಹೆಚ್ಚಿದ್ದಂಥವು. ಕಾಲು ಭಾಗ ಇಳಿದಿದ್ದರೆ ಕಾಣದೆ ಹೋಗಬಹುದಾಗಿದ್ದವು 67. ಗವಾರೆ ಹೇಳಿದ್ದನ್ನು ವೈದ್ಯರು ಮತ್ತೆ ಕೇಳಿಸಿಕೊಂಡದ್ದು 138 ವರ್ಷಗಳ ಮೇಲೆ.

ಆ ಹೊತ್ತಿಗೆ ಸೂತ್ರಗಳ ಒಳಜಗಳವೂ ಸಾಕಷ್ಟು ನಡೆದಿತ್ತು. ಜೋಸೆಫ್ ಫ್ಲೈಸ್‌ನ 1973ರ ಪುಸ್ತಕ ಪ್ರಮಾಣಗಳ ಹೋಲಿಕೆಗೆ ಕೈಪಿಡಿಯೇ ಆಯಿತು. ಪೂರ್ಣಸಂಖ್ಯೆಗಳನ್ನು ನಯವಾದ ವಕ್ರರೇಖೆಯಿಂದ ಅಂದಾಜು ಮಾಡುವಾಗ ಬರುವ ಕೊರತೆಗೆ ತಿದ್ದುಪಡಿ ಸೇರಿಸಬೇಕೆಂದು ಕೆಲವರು, ಬೇಡವೆಂದು ಕೆಲವರು. ಸೇರಿಸಿದರೆ ಮೇಲಿನ 435 ಹೋಗಿ 474 ಆಗುತ್ತದೆ. ಗುಂಪಿಗೆ 39 ರೋಗಿಗಳ ಈ ಅಂತರದ ಬಗ್ಗೆ ಖರ್ಚಾದ ಶಾಯಿ ಬಹಳ. ಸಾವಿನ ಪ್ರಮಾಣದ ಊಹೆ ಶೇ. 1 ತಪ್ಪಿದರೆ ಆಗುವ ಏರುಪೇರು ಇದಕ್ಕಿಂತ ಎಷ್ಟೋ ದೊಡ್ಡದೆಂದು ನೋಡಿದರೆ ಶಾಯಿ ಸ್ವಲ್ಪ ದಂಡವೇ.

ದೊಡ್ಡ ಪ್ರಯೋಗಗಳ ಪರ ಗಟ್ಟಿ ದನಿ ಎದ್ದದ್ದು ಆಕ್ಸ್‌ಫರ್ಡ್‌ನಲ್ಲಿ. ಸಲೀಂ ಯೂಸುಫ್, ರೋರಿ ಕಾಲಿನ್ಸ್, ರಿಚರ್ಡ್ ಪೀಟೊ 1984ರಲ್ಲಿ ಬರೆದ ಪ್ರಬಂಧದ ಸಾರ ಇಷ್ಟು: ಸಾಮಾನ್ಯ ರೋಗಗಳಲ್ಲಿ ಚಿಕಿತ್ಸೆಯ ಗುಣ ಹೆಚ್ಚಾಗಿ ಸಾಧಾರಣ ಮಟ್ಟದ್ದು. ಆದರೆ ರೋಗಿಗಳು ಲಕ್ಷಾಂತರ ಇರುವುದರಿಂದ ಆ ಸಾಧಾರಣ ಗುಣವೂ ಸಾವಿರಾರು ಜೀವ ಉಳಿಸುತ್ತದೆ. ಅದನ್ನು ಕಾಣಲು ಪ್ರಯೋಗವನ್ನು ಸರಳ ಮಾಡಿ, ಗಾತ್ರವನ್ನು ಹಿಗ್ಗಿಸಿ. ಮೂವರಲ್ಲಿ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದವರು. ಈ ವಾದದ ಅತ್ಯಂತ ಪ್ರಸಿದ್ಧ ಫಲ 1988ರ ಐಸಿಸ್-2 ಪ್ರಯೋಗ. ಹೃದಯಾಘಾತವೆಂದು ಶಂಕಿಸಿದ 17,187 ರೋಗಿಗಳು, 16 ದೇಶಗಳ 417 ಆಸ್ಪತ್ರೆಗಳು. ಐದು ವಾರದಲ್ಲಿ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರು ಆಸ್ಪಿರಿನ್ ಪಡೆದ 8,587ರಲ್ಲಿ 804, ಹುಸಿ ಮಾತ್ರೆಯ 8,600ರಲ್ಲಿ 1,016. ಶೇ. 9.4 ಮತ್ತು ಶೇ. 11.8. ಕೆಲವು ಕಾಸಿನ ಮಾತ್ರೆ ನೂರಕ್ಕೆ ಎರಡೂ ಚಿಲ್ಲರೆ ಜೀವ ಉಳಿಸುತ್ತದೆಂದು ಹೀಗೆ ಗೊತ್ತಾಯಿತು.

ಐಸಿಸ್-2ರ ವರದಿ ಪ್ರಕಟಿಸಲಿದ್ದ ಪತ್ರಿಕೆಯವರು ವಯಸ್ಸು, ಲಿಂಗ, ಹಳೆಯ ಕಾಯಿಲೆ ಎಂದು ರೋಗಿಗಳನ್ನು ಚೂರುಚೂರು ಗುಂಪು ಮಾಡಿ ಫಲಿತಾಂಶ ಕೊಡಿ ಎಂದಾಗ, ಆ ತಂಡ ಜನ್ಮರಾಶಿಯ ಪ್ರಕಾರವೂ ಗುಂಪು ಮಾಡಿ ತೋರಿಸಿತು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೊಂಚ ಕೆಡುಕನ್ನೇ ಮಾಡಿತೆಂದು ಕೋಷ್ಟಕ ಹೇಳಿತು! ಹದಿನೇಳು ಸಾವಿರ ಜನರ ಪ್ರಯೋಗವೂ ಹನ್ನೆರಡಾಗಿ ಒಡೆದರೆ ಸಣ್ಣ ಪ್ರಯೋಗವೇ.

ಪ್ರಯೋಗ ನಡೆಯುವಾಗಲೇ ಇಣುಕಿ ನೋಡಿ ನಿಲ್ಲಿಸುವ ಗಣಿತಕ್ಕೆ ಬೇರೆಯದೇ ವಂಶಾವಳಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ತಪಾಸಣೆಗಾಗಿ ಅಬ್ರಹಾಂ ವಾಲ್ಡ್ ಅದನ್ನು ಕಟ್ಟಿದ. 1950ರ ಡಿಸೆಂಬರಿನಲ್ಲಿ ಭಾರತದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗ ನೀಲಗಿರಿಯಲ್ಲಿ ವಿಮಾನ ಅಪಘಾತಕ್ಕೆ ಸಿಕ್ಕಿ ಪತ್ನಿಯೊಂದಿಗೆ ತೀರಿಕೊಂಡ. ಅವನ ವಿಚಾರವನ್ನು ಪೀಟರ್ ಆರ್ಮಿಟೇಜ್ ವೈದ್ಯ ಪ್ರಯೋಗಗಳಿಗೆ ಒಗ್ಗಿಸಿದ. ಕೋವಿಡ್ ಲಸಿಕೆಗಳ ಲೆಕ್ಕದಲ್ಲಿ ಎರಡೂ ವಂಶಗಳು ಕೂಡಿದವು. 2020ರ ಫೈಜರ್ ಪ್ರಯೋಗದಲ್ಲಿ ಮೊದಲೇ ಗೊತ್ತುಮಾಡಿದ ನಿರ್ಣಾಯಕ ಸಂಖ್ಯೆ ಜನರದ್ದಲ್ಲ, ಕಾಯಿಲೆಯದು: ಎರಡೂ ಗುಂಪು ಸೇರಿ 164 ಪ್ರಕರಣಗಳಾದಾಗ ಕೊನೆಯ ಲೆಕ್ಕ. ನಲವತ್ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡದ್ದು ಆ ಪ್ರಕರಣಗಳು ಬೇಗ ಸಿಗಲೆಂದು. ಕೊನೆಗೆ ಸಿಕ್ಕ 170ರಲ್ಲಿ ಲಸಿಕೆಯವರದು 8, ಹುಸಿ ಮದ್ದಿನವರದು 162.

ಪ್ರಯೋಗದ ಯೋಜನೆಯಲ್ಲಿ ಸಂಖ್ಯೆಗೆ ಕಾರಣ ಬರೆಯಲೇಬೇಕೆಂಬುದು 1990ರ ದಶಕದಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಭಾಗವಾಯಿತು. ಕಡ್ಡಾಯವಾದದ್ದು ಕಸರತ್ತೂ ಆಯಿತು. ಕೈಯಲ್ಲಿರುವ ಹಣಕ್ಕೆ ಎಷ್ಟು ರೋಗಿಗಳು ಸಿಗುತ್ತಾರೆಂದು ಮೊದಲು ನೋಡಿ, ಆ ಸಂಖ್ಯೆ ಬರುವಂತೆ ವ್ಯತ್ಯಾಸವನ್ನು ಹಿಗ್ಗಿಸಿ ಬರೆಯುವ ಚಾಳಿಗೆ ಶುಲ್ಜ್ ಮತ್ತು ಗ್ರೈಮ್ಸ್ 2005ರಲ್ಲಿ ‘ಸ್ಯಾಂಪಲ್ ಸೈಜ್ ಸಾಂಬಾ’ ಎಂದು ಹೆಸರಿಟ್ಟರು. ನಮ್ಮ ವೈದ್ಯಕೀಯ ಸ್ನಾತಕೋತ್ತರ ಪ್ರಬಂಧಗಳಲ್ಲಿ ಈ ಕುಣಿತಕ್ಕೊಂದು ದೇಶೀ ಮಟ್ಟಿದೆ. ‘ಫೋರ್ ಪಿ ಕ್ಯೂ ಬೈ ಎಲ್ ಸ್ಕ್ವೇರ್’ ಎಂದು ವಿದ್ಯಾರ್ಥಿಗಳ ಬಾಯಲ್ಲಿ ಓಡಾಡುವ ಸೂತ್ರ ಒಂದೇ ಗುಂಪಿನಲ್ಲಿ ಒಂದು ಪ್ರಮಾಣವನ್ನು ಅಂದಾಜು ಮಾಡಲು ಇರುವಂಥದ್ದು. ಅದನ್ನೇ ಎರಡು ಚಿಕಿತ್ಸೆಗಳ ಹೋಲಿಕೆಗೂ ಹಚ್ಚುವವರಿದ್ದಾರೆ. ಪ್ರಮಾಣ ಶೇ. 10, ಬಿಡಬಹುದಾದ ಅಂತರ ಶೇ. 2 ಎಂದು ಹಾಕಿದರೆ ಅದು 900 ಎನ್ನುತ್ತದೆ. ಶೇ. 10 ಮತ್ತು ಶೇ. 8ರ ನಡುವಿನ ವ್ಯತ್ಯಾಸ ಕಾಣಲು ಎರಡೂ ಗುಂಪು ಸೇರಿ ಬೇಕಾದವರು 6,400ಕ್ಕೂ ಹೆಚ್ಚು. ಹೋಲಿಕೆಯ ಪ್ರಬಂಧದಲ್ಲಿ ಈ ಸೂತ್ರ ಕಂಡರೆ ಮಾರ್ಗದರ್ಶಕರು ಅದನ್ನು ಅಲ್ಲೇ ಹೊಡೆದುಹಾಕಿ, ಎರಡು ಪ್ರಮಾಣಗಳನ್ನೂ ಪವರನ್ನೂ ಬರೆಸುವುದು ಒಳ್ಳೆಯದು.